ರಾರ್ ಫೈಲ್ ಜಿಪ್ ಆಗುವಾಗ ಏನೇನು ಉಳಿಯುತ್ತದೆ, ಏನೇನು ಹೋಗುತ್ತದೆ

ನಿಮಗೆ ಬಂದಿರುವುದು ರಾರ್ ಫೈಲ್, ಅಂದರೆ ಹಲವು ಫೈಲುಗಳನ್ನು ಕುಗ್ಗಿಸಿ ಒಂದೇ ಗಂಟಾಗಿ ಕಟ್ಟಿದ್ದು. ಜಿಪ್ ಅಂಥದ್ದೇ ಇನ್ನೊಂದು ಬಗೆ. ಅದನ್ನು ಅಪ್‌ಲೋಡ್ ಮಾಡಬೇಕಾದ ಕಡೆ ಜಿಪ್ ಬಿಟ್ಟರೆ ಬೇರೇನೂ ತಗೊಳ್ಳುವುದಿಲ್ಲ. ಆಗ ಎಷ್ಟೋ ಜನ ಒಂದು ಸುಲಭದ ಉಪಾಯ ಮಾಡುತ್ತಾರೆ. ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಇರುವ ರಾರ್ ಅಳಿಸಿ, ಅಲ್ಲಿ ಜಿಪ್ ಎಂದು ಬರೆಯುತ್ತಾರೆ. ವಿಂಡೋಸ್ ಒಂದು ಎಚ್ಚರಿಕೆ ತೋರಿಸುತ್ತದೆ. ಹೂಂ ಅಂದರೆ ಹೆಸರು ಬದಲಾಗುತ್ತದೆ, ಐಕಾನ್ ಕೂಡ ಬದಲಾಗಬಹುದು. ಒಳಗೆ ಮಾತ್ರ ಒಂದೇ ಒಂದು ಬೈಟ್ ಅಲ್ಲಾಡಿರುವುದಿಲ್ಲ.

ಫೈಲ್ ಯಾವ ಬಗೆಯದು ಎಂಬ ಗುರುತು ಹೆಸರಿನಲ್ಲಿ ಇರುವುದಿಲ್ಲ, ಅದರ ಮೊದಲ ಕೆಲವು ಬೈಟ್‌ಗಳಲ್ಲಿ ಇರುತ್ತದೆ. ಒಂದು ಸಣ್ಣ ಜಿಪ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಕಾಣುವುದೆಲ್ಲ ಗಜಿಬಿಜಿ. ಆದರೆ ಶುರುವಿನಲ್ಲೇ ಇಂಗ್ಲಿಷಿನ ಪಿ ಮತ್ತು ಕೆ ಅಕ್ಷರಗಳು ಸ್ಪಷ್ಟವಾಗಿ ಇರುತ್ತವೆ. 1989ರಲ್ಲಿ ಜಿಪ್ ಮಾದರಿಯನ್ನು ಹೊರತಂದ ಅಮೆರಿಕದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ರಾರ್ ಫೈಲ್ ತೆರೆದರೆ ಇಂಗ್ಲಿಷಿನಲ್ಲಿ ರಾರ್ ಎಂದು ಬರೆದು ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿರುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಈ ಗುರುತನ್ನೇ ನೋಡುತ್ತದೆ. ತಮಾಷೆ ಇರುವುದು ಇಲ್ಲೇ. ಬರೀ ಹೆಸರು ಬದಲಾಯಿಸಿದ ಆ ಫೈಲನ್ನು 7-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಸಲೀಸಾಗಿ ತೆರೆದುಬಿಡುತ್ತದೆ. ಕೆಲಸ ಆಯ್ತು ಅನ್ನಿಸುತ್ತದೆ. ಅಪ್‌ಲೋಡ್ ಮಾಡಿದ ಕಡೆ ಮಾತ್ರ ಇದು ಹಾಳಾದ ಜಿಪ್ ಎಂಬ ಉತ್ತರ ಬರುತ್ತದೆ.

ಬಿಚ್ಚದೆ ದಾರಿಯಿಲ್ಲ

ರಾರ್‌ನಿಂದ ಜಿಪ್‌ಗೆ ನೇರ ದಾರಿ ಇಲ್ಲ. ಹಳೆಯದನ್ನು ಪೂರ್ತಿ ಬಿಚ್ಚಬೇಕು, ಬಂದದ್ದನ್ನು ಹೊಸದಾಗಿ ಕಟ್ಟಬೇಕು. ಕನ್ವರ್ಟ್ ಎಂಬ ಬಟನ್ ಇರುವ ಯಾವ ಸಾಫ್ಟ್‌ವೇರೇ ಆಗಲಿ, ಒಳಗೆ ಮಾಡುವುದು ಇಷ್ಟನ್ನೇ. ನಿಮ್ಮ ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ, ಅಷ್ಟೇ.

ಯಾಕೆ ಹೀಗೆ? ಜಿಪ್ ಸಾಮಾನ್ಯವಾಗಿ ಬಳಸುವ ವಿಧಾನದ ಹೆಸರು ಡಿಫ್ಲೇಟ್. ಅದರ ಹಿಂದೆ ಎರಡು ಹಳೆಯ ಯೋಚನೆಗಳಿವೆ. ಒಂದು, ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ 1977ರಲ್ಲಿ ಕೊಟ್ಟದ್ದು. ಮುಂದೆ ಬರುವ ತುಣುಕು ಹಿಂದೆ ಎಲ್ಲಾದರೂ ಬಂದಿದ್ದರೆ ಅದನ್ನು ಮತ್ತೆ ಬರೆಯಬೇಡ, "ಇಷ್ಟು ಹಿಂದೆ ಹೋಗಿ ಇಷ್ಟು ಬೈಟ್ ತಗೋ" ಎಂದು ಮಾತ್ರ ಬರೆ. ಇನ್ನೊಂದು 1952ರ ಹಫ್‌ಮನ್ ವಿಧಾನ. ಜಾಸ್ತಿ ಸಲ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. ಡಿಫ್ಲೇಟ್ ಹಿಂತಿರುಗಿ ನೋಡುವುದು 32 ಕಿಲೋಬೈಟ್ ದೂರ ಮಾತ್ರ. ಚಿಹ್ನೆಗೆ ಮೂರು ಬೈಟ್ ಹಿಡಿಯುವ ಯುನಿಕೋಡ್ ಕನ್ನಡದಲ್ಲಿ ಅದು ಸುಮಾರು 11 ಸಾವಿರ ಅಕ್ಷರ ಚಿಹ್ನೆಗಳಷ್ಟು. ಒಂದು ಉದ್ದದ ಕಥೆಯ ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಮೊದಲ ಪುಟ ಅದಕ್ಕೆ ಮರೆತೇಹೋಗಿರುತ್ತದೆ.

7-ಜಿಪ್‌ನ ಸ್ವಂತ ಮಾದರಿಯಾದ 7ಝಡ್ ಬಳಸುವ ಎಲ್‌ಝಡ್‌ಎಂಎ ವಿಧಾನ ಹತ್ತಾರು ಮೆಗಾಬೈಟ್ ಹಿಂದಕ್ಕೆ ನೋಡಬಲ್ಲದು, ಬೇಕೆಂದರೆ ಇನ್ನೂ ಜಾಸ್ತಿ. ರಾರ್‌ಗೆ ಅದರದ್ದೇ ಬೇರೆ ವಿಧಾನ. ಹಾಗಾಗಿ ಒಂದರಲ್ಲಿ ಬರೆದ "ಇಷ್ಟು ಹಿಂದೆ ಹೋಗು" ಎಂಬ ಸೂಚನೆಗೆ ಇನ್ನೊಂದರಲ್ಲಿ ಅರ್ಥವೇ ಇಲ್ಲ. ಮೂಲ ಫೈಲ್ ಕೈಗೆ ಬರುವವರೆಗೂ ಮುಂದಿನ ಕೆಲಸ ಶುರುವಾಗುವುದಿಲ್ಲ.

ಇದರಲ್ಲಿ ಒಂದು ಸಮಾಧಾನದ ವಿಷಯ ಇದೆ. ಫೋಟೋವನ್ನು ಜೆಪೆಗ್ ಮಾಡಿದಾಗ, ಹಾಡನ್ನು ಎಂಪಿ3 ಮಾಡಿದಾಗ ಸ್ವಲ್ಪ ಗುಣಮಟ್ಟ ಹೋಗುತ್ತದೆ, ಮತ್ತೆ ಮತ್ತೆ ಮಾಡಿದರೆ ಮತ್ತಷ್ಟು ಹೋಗುತ್ತದೆ. ಇಲ್ಲಿ ಹಾಗಿಲ್ಲ. ರಾರ್, ಜಿಪ್, 7ಝಡ್, ಎಷ್ಟು ಸಲ ಬದಲಾಯಿಸಿದರೂ ಒಳಗಿನ ಫೈಲಿನ ಒಂದು ಬೈಟೂ ವ್ಯತ್ಯಾಸ ಆಗುವುದಿಲ್ಲ. ಕಳೆದುಹೋಗುವುದು ಫೈಲಿನ ಒಳಗಿನದ್ದಲ್ಲ, ಫೈಲಿನ ಬಗ್ಗೆ ಬರೆದಿಟ್ಟ ವಿವರಗಳು. ಅಂದರೆ ಹೆಸರು, ತಾರೀಖು, ಅನುಮತಿಗಳು, ಪಾಸ್‌ವರ್ಡ್. ಗಮನ ಕೊಡಬೇಕಾದದ್ದು ಅಲ್ಲಿ.

ಇಷ್ಟೊಂದು ಬಗೆ ಯಾಕಿವೆ

ಜಿಪ್ ಮಾದರಿಯ ವಿವರಗಳನ್ನು ಕಾಟ್ಜ್ ಅವರ ಕಂಪನಿ ಪಿಕೆವೇರ್ ಬಹಿರಂಗವಾಗಿ ಪ್ರಕಟಿಸಿತು. ಯಾರು ಬೇಕಾದರೂ ಜಿಪ್ ಮಾಡುವ, ಬಿಚ್ಚುವ ಸಾಫ್ಟ್‌ವೇರ್ ಬರೆಯಬಹುದಿತ್ತು, ಬರೆದರು. ಇವತ್ತು ಜಿಪ್ ಓದಲಾರದ ಕಂಪ್ಯೂಟರ್ ಹುಡುಕಿದರೂ ಸಿಗದು. ಅದಕ್ಕೆ ಕಾರಣ ಜಿಪ್ ಚೆನ್ನಾಗಿ ಕುಗ್ಗಿಸುತ್ತದೆ ಎಂಬುದಲ್ಲ, ಈ ಬಾಗಿಲು ತೆರೆದಿಟ್ಟದ್ದು.

ರಾರ್ 1993ರಲ್ಲಿ ಬಂತು. ರಷ್ಯಾದ ಯೂಜೀನ್ ರೋಷಾಲ್ ಮಾಡಿದ್ದು. ಇದನ್ನು ಬಿಚ್ಚುವ ಸೋರ್ಸ್ ಕೋಡ್, ಅಂದರೆ ಸಾಫ್ಟ್‌ವೇರ್‌ನ ಮೂಲ ಬರಹ, ಎಲ್ಲರಿಗೂ ಸಿಗುತ್ತದೆ. ಆದರೆ ಅದನ್ನು ಬಳಸಿ ರಾರ್ ಕುಗ್ಗಿಸುವ ವಿಧಾನವನ್ನು ಮರುಸೃಷ್ಟಿ ಮಾಡಬಾರದು ಎಂದು ಪರವಾನಗಿಯಲ್ಲೇ ಬರೆದಿದೆ. ಅದಕ್ಕೇ 7-ಜಿಪ್ ರಾರ್ ಫೈಲನ್ನು ತೆರೆಯುತ್ತದೆ, ಹೊಸ ರಾರ್ ಮಾಡಿಕೊಡುವುದಿಲ್ಲ. ರಾರ್‌ನಿಂದ ಹೊರಗೆ ಬರಲು ಹತ್ತು ದಾರಿ ಇವೆ, ಒಳಗೆ ಹೋಗಲು ವಿನ್‌ರಾರ್ ಮನೆಯವರ ಸಾಫ್ಟ್‌ವೇರೇ ಬೇಕು.

7ಝಡ್ ಕೂಡ ರಷ್ಯಾದ ಕೊಡುಗೆ. ಈಗೋರ್ ಪಾವ್ಲೊವ್ 1999ರಲ್ಲಿ 7-ಜಿಪ್ ಶುರು ಮಾಡಿದರು. ಉಚಿತ, ಸೋರ್ಸ್ ಕೋಡ್ ಸಮೇತ. ಟಾರ್ ಇವೆಲ್ಲಕ್ಕಿಂತ ಹಳೆಯದು, 1979ರ ಯುನಿಕ್ಸ್‌ನಲ್ಲೇ ಇತ್ತು. ಅದು ಕುಗ್ಗಿಸುವುದೇ ಇಲ್ಲ. ಮ್ಯಾಗ್ನೆಟಿಕ್ ಟೇಪಿಗೆ ಬರೆಯಲು ಫೈಲುಗಳನ್ನು ಸಾಲಾಗಿ ಜೋಡಿಸುತ್ತದೆ, ಅಷ್ಟೇ. ಕುಗ್ಗಿಸಲು ಜಿಜಿಪ್, ಎಕ್ಸ್‌ಝಡ್ ಮುಂತಾದ ಬೇರೆ ಸಾಧನ ಮೇಲಿಂದ ಬರುತ್ತದೆ. ಲಿನಕ್ಸ್ ಲೋಕದಲ್ಲಿ ಫೈಲ್ ಹೆಸರಿನ ಕೊನೆಗೆ ಎರಡೆರಡು ಚುಕ್ಕಿ, ಎರಡೆರಡು ಬಾಲ ಕಾಣುವುದು ಇದರಿಂದ.

ಹಳೆಯ ಫೈಲುಗಳನ್ನು ಯಾಕೆ ಬದಲಾಯಿಸಿಟ್ಟುಕೊಳ್ಳಬೇಕು ಎಂದು ಕೇಳುವವರಿಗೆ ನಾನು ಏಸ್ ಎಂಬ ಮಾದರಿಯ ಕಥೆ ಹೇಳುತ್ತೇನೆ. ಒಂದು ಕಾಲದಲ್ಲಿ ರಾರ್ ಜೊತೆ ಪೈಪೋಟಿ ಮಾಡಿದ್ದು ಇದು. ವಿನ್‌ರಾರ್ ಕೂಡ ಏಸ್ ಫೈಲುಗಳನ್ನು ಬಿಚ್ಚುತ್ತಿತ್ತು, ಬೇರೆಯವರು ಬರೆದ ಒಂದು ಪುಟ್ಟ ಲೈಬ್ರರಿ, ಅಂದರೆ ಸಿದ್ಧ ಕೋಡಿನ ತುಣುಕು, ಬಳಸಿ. 2019ರಲ್ಲಿ ಚೆಕ್‌ಪಾಯಿಂಟ್ ಸಂಸ್ಥೆಯ ಭದ್ರತಾ ಸಂಶೋಧಕರು ಆ ಲೈಬ್ರರಿಯಲ್ಲಿ ದೊಡ್ಡ ತೂತು ಇರುವುದನ್ನು ಹೊರಗೆ ಹಾಕಿದರು. ಕಿಡಿಗೇಡಿ ಫೈಲೊಂದನ್ನು ಬಿಚ್ಚಿದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ತನಗೆ ಬೇಕಾದ ಜಾಗಕ್ಕೆ ಹೋಗಿ ಕೂರಬಹುದಿತ್ತು. ಸರಿಮಾಡೋಣ ಎಂದರೆ ವಿನ್‌ರಾರ್‌ನವರ ಹತ್ತಿರ ಆ ಲೈಬ್ರರಿಯ ಸೋರ್ಸ್ ಕೋಡೇ ಇರಲಿಲ್ಲ. ಕೊನೆಗೆ ಏಸ್ ಓದುವುದನ್ನೇ ನಿಲ್ಲಿಸಿದರು. ನಿಮ್ಮ ಹಳೆಯ ಸಿಡಿಯಲ್ಲಿ ಏಸ್ ಫೈಲ್ ಇದ್ದರೆ ಇವತ್ತು ಅದನ್ನು ಬಿಚ್ಚಲು ಸ್ವಲ್ಪ ಹುಡುಕಾಡಬೇಕು. ಒಬ್ಬರ ಕೈಯಲ್ಲೇ ಇರುವ ಮಾದರಿಗೆ ಈ ಅಪಾಯ ಯಾವಾಗಲೂ ಇದೆ.

ಕನ್ನಡ ಹೆಸರುಗಳ ಪಾಡು

ನಮಗೆ ಅತಿ ಜಾಸ್ತಿ ತೊಂದರೆ ಕೊಡುವುದು ಇದು. ಜಿಪ್ ಹುಟ್ಟಿದ್ದು ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದಲ್ಲಿ. ಆಗ ಫೈಲ್ ಹೆಸರಿಗೆ ಇದ್ದದ್ದು 437 ಎಂಬ ನಂಬರಿನ ಒಂದು ಅಕ್ಷರ ಪಟ್ಟಿ. ಇಂಗ್ಲಿಷ್, ಯುರೋಪಿನ ಕೆಲವು ಅಕ್ಷರ, ಒಂದಷ್ಟು ಗ್ರೀಕ್, ಗೀಟುಗಳು, ಚೌಕಗಳು. ಒಟ್ಟು 256 ಜಾಗ, ಕನ್ನಡಕ್ಕೆ ಒಂದೂ ಇಲ್ಲ. ಯುನಿಕೋಡ್ ಹೆಸರಿಗೆ ಅಧಿಕೃತ ಜಾಗ ಸಿಕ್ಕಿದ್ದು 2006ರಲ್ಲಿ. "ಈ ಹೆಸರು ಯುಟಿಎಫ್-8ರಲ್ಲಿದೆ" ಎಂದು ಹೇಳುವ ಒಂದೇ ಒಂದು ಬಿಟ್ ಸೇರಿಸಿದರು. ಯುಟಿಎಫ್-8 ಅಂದರೆ ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಪದ್ಧತಿ. ಆ ಬಿಟ್ ಹಾಕಿದರೆ ಎಲ್ಲ ಸರಿ. ಕೆಲವು ಸಾಫ್ಟ್‌ವೇರ್‌ಗಳು ಹೆಸರನ್ನು ಯುಟಿಎಫ್-8ರಲ್ಲೇ ಬರೆದು, ಬಿಟ್ ಹಾಕಲು ಮರೆಯುತ್ತವೆ. ಓದುವವರು ಹಳೆಯ ಪಟ್ಟಿಯನ್ನೇ ನಂಬಿ ಓದುತ್ತಾರೆ.

ಆಗ ಏನು ಕಾಣುತ್ತದೆ ಎಂಬುದಕ್ಕೆ ಒಂದು ಖಚಿತ ಲೆಕ್ಕ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಚಿಹ್ನೆ, ಪ್ರತಿ ಅರ್ಧಾಕ್ಷರದ ಚಿಹ್ನೆಗೂ ಮೂರು ಬೈಟ್. ಅದರಲ್ಲಿ ಮೊದಲನೆಯದು ಎಲ್ಲಕ್ಕೂ ಒಂದೇ. ಎರಡನೆಯದಕ್ಕೆ ಎರಡೇ ಸಾಧ್ಯತೆ. ಹಾಗಾಗಿ 437ನೇ ಪಟ್ಟಿಯಲ್ಲಿ ಓದಿದಾಗ ಪ್ರತಿ ಕನ್ನಡ ಚಿಹ್ನೆಯೂ ಗ್ರೀಕಿನ ಆಲ್ಫಾದಿಂದ ಶುರುವಾಗುತ್ತದೆ. ಅದರ ಪಕ್ಕ ಒಂದೋ ಚುಕ್ಕಿ ತುಂಬಿದ ಚೌಕ, ಇಲ್ಲವೇ ಒಂದು ನೇರ ಗೀಟು. "ಕನ್ನಡ" ಎಂಬ ಪದದಲ್ಲಿ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಇವೆ. ಐದು ಚಿಹ್ನೆ, 15 ಬೈಟ್, ಅಂದರೆ ಐದು ಆಲ್ಫಾ. ವಿಂಡೋಸ್‌ನ ಇನ್ನೊಂದು ಪಟ್ಟಿಯಲ್ಲಿ ಓದಿದರೆ ಆಲ್ಫಾ ಜಾಗಕ್ಕೆ ತಲೆಯ ಮೇಲೆ ಓರೆಗೀಟು ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ 2 ಅಥವಾ 3. ಇದನ್ನು ನೀವು ಖಂಡಿತ ಎಲ್ಲೋ ನೋಡಿರುತ್ತೀರಿ.

ಈ ಬಗೆಯ ಆಲ್ಫಾ ಸಾಲು ಕಂಡರೆ ಗಾಬರಿ ಬೇಡ. ಹೆಸರು ಹಾಗೇ ಇದೆ, ತಪ್ಪು ಪಟ್ಟಿಯಲ್ಲಿ ಓದಿದ್ದಾರೆ. ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಸರಿಹೋಗುವ ಸಾಧ್ಯತೆ ಜಾಸ್ತಿ. ಆದರೆ ಜಿಪ್ ಒಳಗಿನ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಅಡಿಗೀಟುಗಳೋ ಸಾಲಾಗಿ ಕಂಡರೆ, ಎಲ್ಲಿ ತೆರೆದರೂ ಅದೇ ಬಂದರೆ, ಹೆಸರು ನಿಜವಾಗಿಯೂ ಹೋಗಿದೆ. ಕಟ್ಟುವಾಗಲೇ ಕನ್ನಡ ಅಕ್ಷರ ಬಿದ್ದುಹೋಗಿದೆ. ಮೂಲ ರಾರ್ ಇನ್ನೂ ಇದ್ದರೆ ಅದರಿಂದಲೇ ಮತ್ತೆ ಶುರು ಮಾಡಬೇಕು. 7ಝಡ್ ಮತ್ತು ಈಗಿನ ರಾರ್ ಹೆಸರನ್ನು ಯುನಿಕೋಡ್‌ನಲ್ಲೇ ಇಡುತ್ತವೆ, ಅಲ್ಲಿ ಈ ಗೊಂದಲ ಇಲ್ಲ. ಜಿಪ್ ಕಡೆಗೆ ಬರುವಾಗಲೇ ಹೆಚ್ಚಾಗಿ ಎಡವುವುದು.

ಇನ್ನೊಂದು ಸಣ್ಣ ಮಾತು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿಗೆ ಅದು 255 ಅಕ್ಷರ, ಕನ್ನಡಕ್ಕೆ 85 ಚಿಹ್ನೆ. ಒತ್ತು, ಕೊಂಬು, ಗುಡಿಸು ಎಲ್ಲ ಲೆಕ್ಕಕ್ಕೆ ಬರುತ್ತವೆ. ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಉದ್ದದ ಕನ್ನಡ ಹೆಸರು ಸರ್ವರ್‌ನಲ್ಲಿ ಬಿಚ್ಚುವಾಗ "ಹೆಸರು ತೀರಾ ಉದ್ದ" ಎಂದು ಕೈಕೊಡುವುದು ಇದಕ್ಕೇ.

ತಾರೀಖು, ಅನುಮತಿ, ಪಾಸ್‌ವರ್ಡ್

ಜಿಪ್‌ನ ಮೂಲ ಗಡಿಯಾರ ಕೂಡ ಡಾಸ್‌ನದ್ದು. 1980ರಿಂದ ಶುರು, ಎರಡೆರಡು ಸೆಕೆಂಡಿನ ಹೆಜ್ಜೆ, ಯಾವ ದೇಶದ ಸಮಯ ಎಂಬ ಮಾಹಿತಿ ಇಲ್ಲ. ನ್ಯೂಜೆರ್ಸಿಯಲ್ಲಿರುವ ಅಕ್ಕ ರಾತ್ರಿ ಎಂಟಕ್ಕೆ ಉಳಿಸಿದ ಫೈಲ್ ಮೈಸೂರಿನಲ್ಲಿ ಬಿಚ್ಚಿದರೂ ರಾತ್ರಿ ಎಂಟು ಎಂದೇ ತೋರಿಸಬಹುದು. ಈಗಿನ ಬಹಳಷ್ಟು ಸಾಫ್ಟ್‌ವೇರ್‌ಗಳು ಸರಿಯಾದ ಸಮಯವನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿಡುತ್ತವೆ. ಹೆಚ್ಚಿನವರಿಗೆ ಇದು ತಲೆಕೆಡಿಸಿಕೊಳ್ಳುವ ವಿಷಯ ಅಲ್ಲ.

ಅನುಮತಿಗಳು ಹಾಗಲ್ಲ. ವೆಬ್‌ಸೈಟಿನ ಬ್ಯಾಕಪ್ ಟಾರ್ ರೂಪದಲ್ಲಿ ಬಂದಿದೆ ಎನ್ನಿ. ಯಾವ ಫೈಲ್ ಯಾರದ್ದು, ಯಾರು ಓದಬಹುದು, ಯಾವುದನ್ನು ಪ್ರೋಗ್ರಾಂ ಆಗಿ ಓಡಿಸಬಹುದು, ಯಾವುದು ಬರೀ ಇನ್ನೊಂದರ ಕಡೆ ಕೈತೋರಿಸುವ ಲಿಂಕ್, ಇದೆಲ್ಲ ಟಾರ್ ಒಳಗೆ ಇರುತ್ತದೆ. ಅದನ್ನು ವಿಂಡೋಸ್‌ನಲ್ಲಿ ಬಿಚ್ಚಿ ಜಿಪ್ ಮಾಡಿದರೆ ಇವೆಲ್ಲ ಅಲ್ಲೇ ಉದುರುತ್ತವೆ. ಫೈಲುಗಳೆಲ್ಲ ಇವೆ, ಸೈಟ್ ಮಾತ್ರ ಓಡುವುದಿಲ್ಲ. ಇಂಥ ಕಡೆ ಟಾರ್ ಅನ್ನು ಮುಟ್ಟದಿರುವುದೇ ಜಾಣತನ. ಚಿಕ್ಕದಾಗಬೇಕು ಎಂದರೆ ಹೊರಗಿನ ಜಿಜಿಪ್ ಪದರ ತೆಗೆದು ಎಕ್ಸ್‌ಝಡ್ ಪದರ ಹಾಕಿ. ಒಳಗಿನ ಟಾರ್ ಹಾಗೆಯೇ ಉಳಿಯುತ್ತದೆ. ಟಾರ್ ಮತ್ತು ಕುಗ್ಗಿಸುವ ಕೆಲಸ ಬೇರೆ ಬೇರೆ ಆಗಿರುವುದರ ಲಾಭ ಇಲ್ಲಿ ಸಿಗುತ್ತದೆ.

ಪಾಸ್‌ವರ್ಡ್ ಕೂಡ ತಾನಾಗಿ ಜೊತೆಗೆ ಬರುವುದಿಲ್ಲ. ಹಳೆಯದನ್ನು ಬಿಚ್ಚಲು ಅದು ಗೊತ್ತಿರಲೇಬೇಕು, ಹೊಸದಕ್ಕೆ ಮತ್ತೆ ಹಾಕಬೇಕು. ಹಾಕುವಾಗ ಎಇಎಸ್ ಎಂಬ ಗಟ್ಟಿ ಬೀಗದ ಆಯ್ಕೆ ಇದೆಯಾ ನೋಡಿ. ಜಿಪ್‌ನ ಹಳೆಯ ಬೀಗವನ್ನು ಮುರಿಯುವ ದಾರಿಯನ್ನು ಬಿಹಾಮ್ ಮತ್ತು ಕೋಹರ್ ಎಂಬ ಇಬ್ಬರು 1994ರಲ್ಲೇ ತೋರಿಸಿಕೊಟ್ಟಿದ್ದಾರೆ. ಆದರೂ ಅದು ಇವತ್ತಿಗೂ ಎಷ್ಟೋ ಕಡೆ ತಾನಾಗಿಯೇ ಆಯ್ಕೆಯಾಗಿರುತ್ತದೆ, ಯಾಕೆಂದರೆ ವಿಂಡೋಸ್‌ನ ಹಳೆಯ ಆವೃತ್ತಿಗಳಿಗೆ ಎಇಎಸ್ ಹಾಕಿದ ಜಿಪ್ ತೆರೆಯಲು ಬರುವುದಿಲ್ಲ. ಮತ್ತೊಂದು, ಸಾಮಾನ್ಯ ಜಿಪ್‌ಗೆ ಎಂಥ ಗಟ್ಟಿ ಬೀಗ ಹಾಕಿದರೂ ಒಳಗಿನ ಫೈಲುಗಳ ಹೆಸರು ಎಲ್ಲರಿಗೂ ಕಾಣುತ್ತದೆ. ಹೆಸರೇ ಗುಟ್ಟು ಹೇಳುವಂತಿದ್ದರೆ 7ಝಡ್‌ನಲ್ಲೇ ಇಡಿ. ಅಲ್ಲಿ ಹೆಸರುಗಳನ್ನೂ ಮುಚ್ಚುವ ಆಯ್ಕೆ ಇದೆ.

ರಾರ್‌ನಲ್ಲಿ ರಿಕವರಿ ರೆಕಾರ್ಡ್ ಎಂಬ ಒಂದು ಸೌಲಭ್ಯ ಉಂಟು. ಫೈಲ್ ಸ್ವಲ್ಪ ಹಾಳಾದರೂ ಸರಿಮಾಡಿಕೊಳ್ಳಲು ಇಟ್ಟ ಹೆಚ್ಚುವರಿ ಮಾಹಿತಿ. ಜಿಪ್‌ಗೆ ಬಂದರೆ ಅದು ಹೋಯಿತು. ರಾರ್ ಬಗ್ಗೆ ನನಗೆ ಮೆಚ್ಚುಗೆ ಇರುವುದು ಇದೊಂದಕ್ಕೆ. ಉಳಿದಂತೆ ಇವತ್ತು ಯಾರಿಗಾದರೂ ರಾರ್ ಕಳಿಸುವುದಕ್ಕೆ ಕಾರಣ ಕಾಣುವುದಿಲ್ಲ. ಬೇರೆಯವರಿಗೆ ಕಳಿಸಲು ಜಿಪ್, ನಮ್ಮಲ್ಲೇ ಇಟ್ಟುಕೊಳ್ಳಲು 7ಝಡ್ ಸಾಕು.

ಸೈಜ್ ಯಾಕೆ ಬದಲಾಯಿತು

7ಝಡ್ ಆಗಿದ್ದಾಗ ಚಿಕ್ಕದಿತ್ತು, ಜಿಪ್ ಮಾಡಿದ ಮೇಲೆ ದೊಡ್ಡದಾಯಿತು, ಏನೋ ಎಡವಟ್ಟಾಗಿದೆ ಎಂದು ಅನುಮಾನ ಪಡುವವರು ಇದ್ದಾರೆ. ಎಡವಟ್ಟೇನೂ ಇಲ್ಲ. ಜಿಪ್ ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತದೆ. 7ಝಡ್ ಹಲವು ಫೈಲುಗಳನ್ನು ಒಂದೇ ಸಾಲಾಗಿ ಜೋಡಿಸಿ ಒಟ್ಟಿಗೆ ಕುಗ್ಗಿಸುತ್ತದೆ, ರಾರ್ ಕೂಡ ಹಾಗೆ ಮಾಡಬಲ್ಲದು. ಒಂದೇ ತರಹದ ಸಾವಿರ ಬಿಲ್ಲು, ಪತ್ರ, ಕೋಡ್ ಫೈಲ್ ಇದ್ದರೆ ಒಂದರಲ್ಲಿ ಬಂದದ್ದು ಇನ್ನೊಂದಕ್ಕೆ ಉಪಯೋಗಕ್ಕೆ ಬರುತ್ತದೆ, ವ್ಯತ್ಯಾಸ ದೊಡ್ಡದಾಗುತ್ತದೆ. ಮದುವೆ ಫೋಟೋ, ವಿಡಿಯೋಗಳ ಫೋಲ್ಡರ್ ಆದರೆ ಯಾವುದಕ್ಕೆ ಬದಲಾಯಿಸಿದರೂ ಸೈಜ್ ಹೆಚ್ಚುಕಮ್ಮಿ ಅಷ್ಟೇ. ಅವು ಮೊದಲೇ ಕುಗ್ಗಿರುತ್ತವೆ.

ಜಿಪ್‌ನ ಈ ಬೇರೆ ಬೇರೆ ಪದ್ಧತಿಗೂ ಒಂದು ಒಳ್ಳೆಯ ಮುಖ ಇದೆ. ಫೈಲುಗಳ ಪಟ್ಟಿ ಕೊನೆಯಲ್ಲಿ ಇರುತ್ತದೆ, ಅದನ್ನು ನೋಡಿ ಬೇಕಾದ ಒಂದೇ ಫೈಲನ್ನು ತಟ್ಟನೆ ತೆಗೆಯಬಹುದು. ಒಟ್ಟಿಗೆ ಕುಗ್ಗಿಸಿದ್ದರಲ್ಲಿ ಕೊನೆಯ ಫೈಲ್ ಬೇಕೆಂದರೆ ಅದಕ್ಕಿಂತ ಮೊದಲಿನದನ್ನೆಲ್ಲ ಬಿಚ್ಚುತ್ತಾ ಬರಬೇಕು. ಹಾಗೆಯೇ ಡೌನ್‌ಲೋಡ್ ಅರ್ಧಕ್ಕೆ ನಿಂತ ಜಿಪ್ ತೆರೆಯಲು ಹಟ ಮಾಡುವುದು ಕೊನೆಯ ಆ ಪಟ್ಟಿ ಬಂದಿಲ್ಲ ಎಂಬ ಕಾರಣಕ್ಕೇ. ಹಳೆಯ ಜಿಪ್‌ಗೆ 4 ಜಿಬಿ ಮತ್ತು 65,535 ಫೈಲುಗಳ ಮಿತಿ ಇತ್ತು. ಈಗ ಆ ಮಿತಿ ದಾಟುವ ಜಿಪ್64 ಎಂಬ ವಿಸ್ತರಣೆ ಇರುವುದರಿಂದ ಅದು ದೊಡ್ಡ ಅಡ್ಡಿಯಲ್ಲ.

ಮಾಡುವುದು ಹೇಗೆ

ವಿಂಡೋಸ್ 11ರಲ್ಲಿ 2023ರ ಅಪ್‌ಡೇಟ್ ಬಂದ ಮೇಲೆ ರಾರ್, 7ಝಡ್ ತೆರೆಯಲು ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಬಿಚ್ಚಿ, ಬಂದ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಜಿಪ್ ಮಾಡಿದರೆ ಮುಗಿಯಿತು. ನನಗೆ 7-ಜಿಪ್ ಇನ್ನೂ ಮೇಲು ಅನ್ನಿಸುತ್ತದೆ, ಕನ್ನಡ ಹೆಸರುಗಳನ್ನು ಅದು ಚೆನ್ನಾಗಿ ನಿಭಾಯಿಸುತ್ತದೆ. ನೂರಾರು ಫೈಲ್ ಇದ್ದರೆ ವಿನ್‌ರಾರ್‌ನ ಟೂಲ್ಸ್ ಮೆನುವಿನಲ್ಲಿ ಕನ್ವರ್ಟ್ ಆರ್ಕೈವ್ಸ್ ಎಂಬುದಿದೆ, ಎಲ್ಲವನ್ನೂ ಒಂದೇ ಏಟಿಗೆ ಮಾಡುತ್ತದೆ. ಅಲ್ಲಿ ಹಳೆಯ ಫೈಲ್ ಅಳಿಸುವ ಒಂದು ಆಯ್ಕೆ ಕೂಡ ಇರುತ್ತದೆ, ಅದಕ್ಕೆ ಟಿಕ್ ಹಾಕಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಝಡ್‌ಆರ್ಕೈವರ್, ಮ್ಯಾಕ್‌ನಲ್ಲಿ ದಿ ಅನ್‌ಆರ್ಕೈವರ್ ರಾರ್ ಬಿಚ್ಚುತ್ತವೆ. ರಾರ್ ಹಲವು ಭಾಗಗಳಲ್ಲಿ ಬಂದಿದ್ದರೆ ಎಲ್ಲ ಭಾಗಗಳನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಮೊದಲನೆಯದನ್ನು ಮಾತ್ರ ತೆರೆಯಿರಿ. ಒಂದು ಭಾಗ ಇಲ್ಲದಿದ್ದರೂ ಪೂರ್ತಿ ಬಿಚ್ಚಲು ಆಗುವುದಿಲ್ಲ.

ಆನ್‌ಲೈನ್ ಕನ್ವರ್ಟರ್‌ಗಳ ಬಗ್ಗೆ ಒಂದು ಮಾತು. ಅಲ್ಲಿ ಹಾಕಿದ ಫೈಲ್ ಇನ್ಯಾರದ್ದೋ ಕಂಪ್ಯೂಟರಿಗೆ ಹೋಗಿ, ಅಲ್ಲಿ ಬಿಚ್ಚಿಕೊಂಡು, ಮತ್ತೆ ಕಟ್ಟಿಸಿಕೊಂಡು ಬರುತ್ತದೆ. ಮಾರ್ಕ್ಸ್ ಕಾರ್ಡ್, ಆಧಾರ್ ಪ್ರತಿ, ಜಮೀನಿನ ಪತ್ರ ಇರುವ ಫೈಲನ್ನು ಸುಮ್ನೆ ಅಲ್ಲಿಗೆ ಯಾಕೆ ಕಳಿಸಬೇಕು? ಕೆಲವು ಪುಟಗಳು ಮಾತ್ರ ಎಲ್ಲ ಕೆಲಸವನ್ನೂ ನಿಮ್ಮ ಬ್ರೌಸರ್ ಒಳಗೇ ಮಾಡುತ್ತವೆ. ಗೊತ್ತಾಗುವುದು ಹೇಗೆ ಅಂದರೆ, ಪುಟ ಪೂರ್ತಿ ಬಂದ ಮೇಲೆ ಇಂಟರ್ನೆಟ್ ಆಫ್ ಮಾಡಿ, ಲೆಕ್ಕಕ್ಕಿಲ್ಲದ ಒಂದು ಫೈಲ್ ಹಾಕಿ ನೋಡಿ. ಆಗಲೂ ಕೆಲಸ ಮಾಡಿದರೆ ಅದು ನಿಮ್ಮ ಯಂತ್ರದಲ್ಲೇ ನಡೆಯುತ್ತಿದೆ.

ಕೆಲವನ್ನು ಬದಲಾಯಿಸಲು ಹೋಗಲೇಬಾರದು. ವರ್ಡ್‌ನ ಈಗಿನ ಫೈಲುಗಳು, ಇ-ಪಬ್ ಪುಸ್ತಕಗಳು, ಆಂಡ್ರಾಯ್ಡ್ ಆಪ್‌ಗಳು ಒಳಗಿನಿಂದ ಜಿಪ್‌ಗಳೇ. ಬಿಚ್ಚಿ ನೋಡಲು ಅಡ್ಡಿಯಿಲ್ಲ, ಮತ್ತೆ ಕಟ್ಟುವಾಗ ನಿಯಮಗಳಿವೆ. ಇ-ಪಬ್‌ನಲ್ಲಿ ಒಂದು ನಿರ್ದಿಷ್ಟ ಪುಟ್ಟ ಫೈಲ್ ಎಲ್ಲಕ್ಕಿಂತ ಮೊದಲು, ಕುಗ್ಗಿಸದೆ ಇರಬೇಕು. ಆಪ್‌ಗೆ ಹಾಕಿದ ಡಿಜಿಟಲ್ ಸಹಿ ಇಡೀ ಫೈಲಿಗೆ ಸೇರಿರುತ್ತದೆ, ಮತ್ತೆ ಕಟ್ಟಿದರೆ ಫೋನ್ ಅದನ್ನು ಇನ್‌ಸ್ಟಾಲ್ ಮಾಡಿಕೊಳ್ಳುವುದಿಲ್ಲ.

ಹಳೆಯ ಫೈಲ್ ಅಳಿಸುವ ಮೊದಲು ಪರೀಕ್ಷೆ ಮಾಡಿ. 7-ಜಿಪ್‌ನಲ್ಲಿ ಟೆಸ್ಟ್ ಎಂಬ ಬಟನ್ ಇದೆ, ಹೊಸ ಜಿಪ್ ಸರಿಯಾಗಿ ಬಿಚ್ಚುತ್ತದೆಯೇ ಎಂದು ಅದು ಹೇಳುತ್ತದೆ. ಆದರೆ ಎಲ್ಲ ಫೈಲುಗಳೂ ಬಂದಿವೆಯೇ, ಅವು ಹಳೆಯವೇ ಹೌದೇ ಎಂದು ಹೇಳುವುದಿಲ್ಲ. ಅದಕ್ಕೆ ಎರಡನ್ನೂ 7-ಜಿಪ್ ಕಿಟಕಿಯಲ್ಲಿ ತೆರೆದು ಸಿಆರ್‌ಸಿ ಎಂಬ ಕಾಲಂ ನೋಡಬೇಕು. ಪ್ರತಿ ಫೈಲಿನ ಒಳಗಿನ ಬೈಟ್‌ಗಳಿಂದ ಲೆಕ್ಕಹಾಕಿದ ಒಂದು ಸಂಖ್ಯೆ ಅಲ್ಲಿರುತ್ತದೆ. ಜಿಪ್, 7ಝಡ್, ರಾರ್ ಮೂರೂ ಸಾಮಾನ್ಯವಾಗಿ ಒಂದೇ ಲೆಕ್ಕ ಬಳಸುವುದರಿಂದ ಹಳೆಯದರಲ್ಲಿ ಇದ್ದ ಸಂಖ್ಯೆಯೇ ಹೊಸದರಲ್ಲೂ ಇರಬೇಕು. ಫೈಲುಗಳ ಎಣಿಕೆ, ಬಿಚ್ಚಿದ ಮೇಲಿನ ಒಟ್ಟು ಸೈಜ್, ಅಲ್ಲಲ್ಲಿ ಕೆಲವು ಸಿಆರ್‌ಸಿ ಹೊಂದಿದರೆ ಹಳೆಯದನ್ನು ನಿಶ್ಚಿಂತೆಯಿಂದ ಅಳಿಸಬಹುದು. ಟಾರ್‌ನಲ್ಲಿ ಮಾತ್ರ ಆ ಕಾಲಂ ಖಾಲಿ ಇರುತ್ತದೆ. ಒಂದೊಂದು ಫೈಲಿಗೂ ಅಂಥ ಸಂಖ್ಯೆಯನ್ನು ಟಾರ್ ಬರೆದಿಡುವುದಿಲ್ಲ, ಅಲ್ಲಿ ಎರಡನ್ನೂ ಬಿಚ್ಚಿ ಫೋಲ್ಡರ್‌ಗಳನ್ನೇ ಹೋಲಿಸಿ ನೋಡಬೇಕು.